ದಾನ ಬೇಡ, ಧಾರಣೆ ಕೊಡಿ

ಬಡ ದೇಶಗಳಿಗೆ ಕೋಟಿಗಟ್ಟಲೆ ಡಾಲರ್ ಸಹಾಯ ಕೊಟ್ಟೆವೆಂದು ಶ್ರೀಮಂತ ರಾಷ್ಟ್ರಗಳು ಡಂಗುರ ಹೊಡೆಯುತ್ತ ಬಂದಿವೆ. ಕೊಡುವ ಕೈ ಎಲ್ಲರಿಗೂ ಕಾಣಿಸುತ್ತದೆ. ಕಸಿಯುವ ಕೈ ಬೆನ್ನ ಹಿಂದೆ ಇರುತ್ತದೆ. ಆ ಎರಡನೆಯ ಕೈಯ ಕೆಲಸವನ್ನು ಹತ್ತಿಯ ಲೆಕ್ಕದಲ್ಲಿ ನೋಡೋಣ. ಮಿಲ್ಲಿನ ಕಾರ್ಮಿಕರಿಗೂ ಪೇಟೆಯ ಸಣ್ಣ ವ್ಯಾಪಾರಿಗಳಿಗೂ ಆ ಲೆಕ್ಕ ಹೊಸದಲ್ಲ.

ಆಫ್ರಿಕದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಎಂಬ ನಾಲ್ಕು ದೇಶಗಳಲ್ಲಿ ರೈತನ ಕೈಗೆ ರೊಕ್ಕ ತರುವ ಬೆಳೆ ಹತ್ತಿ. ಅವರು ಬೆಳೆಯುವ ಖರ್ಚು ಅಮೆರಿಕದವರ ಖರ್ಚಿಗಿಂತ ಕಡಿಮೆ. ಪೇಟೆ ನ್ಯಾಯವಾಗಿದ್ದರೆ ಗೆಲ್ಲಬೇಕಾದವರು ಇವರೇ. ಆದರೆ 2001-02ರ ಹಂಗಾಮಿನಲ್ಲಿ ಅಮೆರಿಕದ ಸರ್ಕಾರ ತನ್ನ ಸುಮಾರು 25,000 ಹತ್ತಿ ಬೆಳೆಗಾರರಿಗೆ 300 ಕೋಟಿ ಡಾಲರಿಗೂ ಹೆಚ್ಚು ಹಣ ಸುರಿಯಿತು. ಧಾರಣೆ ಬಿದ್ದರೂ ಅವರಿಗೆ ನಷ್ಟವಿಲ್ಲ, ಬೆಳೆ ತಗ್ಗಿಸುವ ಚಿಂತೆಯಿಲ್ಲ. ಆ ವರ್ಷ ಧಾರಣೆ ಕುಸಿಯಲು ಬೇರೆ ಕಾರಣಗಳೂ ಇದ್ದವು. ಬಿದ್ದವನ ಮೇಲೆ ಕಲ್ಲು ಹೇರಿದ್ದು ಮಾತ್ರ ಈ ಸಬ್ಸಿಡಿ.

ನಮ್ಮ ಪೇಟೆಯಲ್ಲೇ ಒಬ್ಬ ದೊಡ್ಡ ಸಾಹುಕಾರ ಸರ್ಕಾರದ ಖಜಾನೆಯಿಂದ ನಷ್ಟ ತುಂಬಿಸಿಕೊಂಡು ಅರ್ಧ ಬೆಲೆಗೆ ಮಾರಲು ಕೂತರೆ, ಪಕ್ಕದ ಸಣ್ಣ ಅಂಗಡಿಯವನು ಎಷ್ಟು ದಿನ ಬಾಗಿಲು ತೆರೆದಾನು? ಬಾಗಿಲು ಮುಚ್ಚಿದ ಮೇಲೆ ಅದೇ ಸಾಹುಕಾರ ಅವನ ಮನೆಗೆ ಎರಡು ಸೇರು ಜೋಳ ಕಳಿಸಿದರೆ ಅದು ಧರ್ಮವೇ? ಗೋವು ಕೊಂದು ಚಪ್ಪಲಿ ದಾನ ಮಾಡಿದಂತೆ!

2003ರಲ್ಲಿ ಈ ನಾಲ್ಕು ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ನಿಂತವು. ಭಿಕ್ಷೆ ಬೇಡಲಿಲ್ಲ. ಸಬ್ಸಿಡಿ ನಿಲ್ಲಿಸಿ, ನಿಲ್ಲುವ ತನಕ ನಮ್ಮ ನಷ್ಟ ಕಟ್ಟಿಕೊಡಿ ಎಂದವು. ಅದೇ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕ್ಯಾನ್‌ಕೂನ್ ಸಭೆಯಲ್ಲಿ ಬಂದ ಕರಡಿನಲ್ಲಿ ಸಬ್ಸಿಡಿ ನಿಲ್ಲಿಸುವ ದಿನಾಂಕವೇ ಇರಲಿಲ್ಲ. ಸಾಲ-ಸಹಾಯ ಕೊಡುವ ಸಂಸ್ಥೆಗಳು ಈ ದೇಶಗಳನ್ನು ಹತ್ತಿ ಬಿಟ್ಟು ಬೇರೆ ಕಸುಬಿಗೆ ತಿರುಗಿಸಲಿ ಎಂಬ ಉಪದೇಶವಿತ್ತು! ಸಭೆ ಮುರಿದುಬಿತ್ತು.

ಬ್ರೆಜಿಲ್ ಇದೇ ಸಬ್ಸಿಡಿಯ ಮೇಲೆ ದಾವೆ ಹೂಡಿ 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕದ ಸರಕಿನ ಮೇಲೆ ಸುಂಕ ಹಾಕುವ ಶಕ್ತಿ ಅದಕ್ಕಿತ್ತು. ಆದ್ದರಿಂದ ಅಮೆರಿಕ 2010ರಲ್ಲಿ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿ, 2014ರಲ್ಲಿ ಇನ್ನೂ 30 ಕೋಟಿ ಕೊಟ್ಟು ರಾಜಿ ಮಾಡಿಕೊಂಡಿತು. ಬೆದರಿಸುವ ಬಲವಿಲ್ಲದ ಆಫ್ರಿಕದ ರೈತನಿಗೆ ಇಂಥ ಪರಿಹಾರ ಬರಲಿಲ್ಲ.

ದಾನದ ಹಗ್ಗ ನಮ್ಮ ಕುತ್ತಿಗೆಗೂ ಬಿದ್ದಿತ್ತು. 1956ರಿಂದ ಪಿ.ಎಲ್. 480ರ ಗೋಧಿ ಬಂತು, ಹತ್ತಿಯೂ ಬಂತು. 1965ರ ಯುದ್ಧದ ಹೊತ್ತಿಗೆ ಆರ್ಥಿಕ ಸಹಾಯ ನಿಂತಿತು. 1966ರ ಜೂನ್‌ನಲ್ಲಿ, ಸಹಾಯ ಕೊಡುವವರ ಒತ್ತಡದ ನಡುವೆ, ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು. 2025ರಲ್ಲಂತೂ ಅಮೆರಿಕ ಯು.ಎಸ್.ಎಯ್ಡ್ ಸಂಸ್ಥೆಯನ್ನೇ ಮುಚ್ಚಿತು. ಕೊಡುವವನ ಮನಸ್ಸು ತಿರುಗಿದರೆ ದಾನದ ಗತಿ ಇಷ್ಟೇ.

ಹಾಗಾದರೆ ವಿದೇಶಿ ಬಂಡವಾಳ ಬರಲಿ, ಎಲ್ಲ ಸರಿಹೋಗುತ್ತದೆ ಎನ್ನುವ ಪಂಡಿತರಿದ್ದಾರೆ. ಬಂಡವಾಳ ಪುಣ್ಯಕ್ಕೆ ಬರುವುದಿಲ್ಲ, ಲಾಭಕ್ಕೆ ಬರುತ್ತದೆ. 1949ರಲ್ಲಿ ಹುಟ್ಟಿದ ಫ್ರೆಂಚ್ ಹತ್ತಿ ಕಂಪನಿ ಪಶ್ಚಿಮ ಆಫ್ರಿಕದಲ್ಲಿ ದಶಕಗಟ್ಟಲೆ ಬೇರೂರಿತು. ಆದರೂ ಹತ್ತಿಯ ಬಹುಪಾಲು ಅರಳೆಯಾಗಿಯೇ ಹಡಗು ಹತ್ತಿತು. ನೂಲಿನ ಕೂಲಿ, ಬಟ್ಟೆಯ ಲಾಭ ಎರಡೂ ಪರದೇಶದ ಪಾಲಾದವು. ಈಗ ಬೆನಿನ್ ದೇಶ ಗ್ಲೋ-ಜಿಗ್ಬೆಯ ಕೈಗಾರಿಕಾ ವಲಯದಲ್ಲಿ ಹೊರಗಿನ ಬಂಡವಾಳದ ಜೊತೆಗೂಡಿ ತನ್ನ ಹತ್ತಿಯನ್ನು ತಾನೇ ಬಟ್ಟೆ ಮಾಡತೊಡಗಿದೆ. ದಾರಿ ಸರಿ. ಆದರೆ ಅಲ್ಲಿನ ಕಾರ್ಮಿಕನಿಗೆ ಹೊಟ್ಟೆ ತುಂಬುವ ಕೂಲಿ, ಸಂಘ ಕಟ್ಟುವ ಹಕ್ಕು ಸಿಕ್ಕರೆ ಮಾತ್ರ ಅದು ಪೂರ್ತಿ ಸರಿ.

ಬಂಧುಗಳೇ, ನಮ್ಮ ಬೇಡಿಕೆ ಸ್ಪಷ್ಟ. ಬೆಳೆದವನಿಗೆ ನ್ಯಾಯದ ಧಾರಣೆ. ಶ್ರೀಮಂತರ ಸಬ್ಸಿಡಿಗೆ ಕಡಿವಾಣ. ಬಂಡವಾಳ ಬಂದರೆ ಬೆಳೆದ ನೆಲದಲ್ಲೇ ಗಿರಣಿ, ದುಡಿದವನಿಗೆ ಹಕ್ಕಿನ ಕೂಲಿ. ಬರಗಾಲದಲ್ಲಿ ಬಂದ ಅನ್ನವನ್ನು ಯಾರೂ ಒದೆಯುವುದಿಲ್ಲ. ಆದರೆ ತಕ್ಕಡಿಯಲ್ಲಿ ಮೋಸ ಮಾಡಿದವನು ಕೊಡುವ ಮುಷ್ಟಿ ಅಕ್ಕಿಯಿಂದ ಲೆಕ್ಕ ಚುಕ್ತಾ ಆಗುವುದಿಲ್ಲ. ಮೊದಲು ತಕ್ಕಡಿ ನೆಟ್ಟಗಾಗಲಿ!