ಅಕ್ಕಿಗೆ ರಸೀದಿ ಇಟ್ಟುಕೊಂಡವರು ಯಾರು?

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಇವತ್ತು ಬರೆಯೋಕೆ ಕೂರಿಸಿದ್ದು ಸಿಟ್ಟು. ಖಾರ ಸ್ವಲ್ಪ ಜಾಸ್ತಿಯಾದರೆ ಅಡ್ಜಸ್ಟ್ ಮಾಡ್ಕೊಳ್ಳಿ.

ನನ್ನ ಗೆಳತಿಯೊಬ್ಬಳು (ಹೆಸರು ಬೇಡ) ಹನ್ನೆರಡು ವರ್ಷದ ಮದುವೆ ಮುಗಿಸಿ ಹೊರಗೆ ಬರ್ತಿದ್ದಾಳೆ. ಇಬ್ಬರೂ ಕೆಲಸದಲ್ಲಿದ್ದವರು. ಫ್ಲ್ಯಾಟ್ ತಗೊಂಡಾಗ ಗಂಡ ಹೇಳಿದ್ದನಂತೆ, "ನನ್ನ ಸಂಬಳದಲ್ಲಿ ಲೋನ್ ಕಟ್ಟೋಣ, ನಿನ್ನದರಲ್ಲಿ ಮನೆ ನಡೆಸೋಣ." ಕೇಳೋಕೆ ಎಷ್ಟು ಚಂದ ಅಲ್ವಾ? ಅವನ ದುಡ್ಡು ತಿಂಗಳು ತಿಂಗಳು ಬ್ಯಾಂಕಿಗೆ ಹೋಯ್ತು. ಅವಳದ್ದು ಅಕ್ಕಿ, ಬೇಳೆ, ಗ್ಯಾಸು, ಮಗಳ ಸ್ಕೂಲ್ ಫೀಸು, ಅತ್ತೆಯ ಬಿಪಿ ಮಾತ್ರೆಗೆ ಹೋಯ್ತು. ಹನ್ನೆರಡು ವರ್ಷ ಆದಮೇಲೆ ಅವನ ದುಡ್ಡು ಮೂರನೇ ಮಹಡಿಯಲ್ಲಿ ಗೋಡೆ, ಬಾಲ್ಕನಿ ಸಮೇತ ನಿಂತಿದೆ. ಅವಳ ದುಡ್ಡು? ತಿಂದು ಕರಗಿಹೋಗಿದೆ.

ಕ್ರಯಪತ್ರದಲ್ಲಿರೋದು ಅವನೊಬ್ಬನ ಹೆಸರು. ವಕೀಲರು, "ನೀವು ದುಡ್ಡು ಹಾಕಿದ್ದಕ್ಕೆ ದಾಖಲೆ ಏನಿದೆಯಮ್ಮಾ?" ಅಂತ ಕೇಳಿದರಂತೆ. ರಾತ್ರಿ ಫೋನ್ ಮಾಡಿ ಅವಳು ಕೇಳಿದ್ದು ಒಂದೇ ಮಾತು: "ಅಕ್ಕಿಗೆ ಯಾರು ಕಣೇ ರಸೀದಿ ಇಟ್ಕೋತಾರೆ?"

ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮ ಕಾನೂನಿನ ಹತ್ರಾನೂ ಇಲ್ಲ.

ನಮ್ಮಲ್ಲಿ ಬಹಳ ಜನ ಡೈವೋರ್ಸ್ ಅಂದ್ರೆ ಹೆಂಡತಿ ಗಂಡನ ಅರ್ಧ ಆಸ್ತಿ ಹೊಡ್ಕೊಂಡು ಹೋಗ್ತಾಳೆ ಅಂದ್ಕೊಂಡಿದ್ದಾರೆ. ಅದು ಸಿನಿಮಾದಲ್ಲಿ. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಶಾಶ್ವತ ಜೀವನಾಂಶ ಇದೆ. 27ನೇ ಸೆಕ್ಷನ್ ಮದುವೆ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆ, ವಸ್ತುಗಳ ಬಗ್ಗೆ ಮಾತಾಡುತ್ತೆ. ಮದುವೆಯಾದ ಮೇಲೆ ಇಬ್ಬರೂ ಸೇರಿ ಬೆಳೆಸಿದ ಆಸ್ತಿಯನ್ನ ಪಾಲು ಮಾಡಿ ಅಂತ ಈ ಕಾಯ್ದೆಯಲ್ಲಿ ಎಲ್ಲೂ ಹೇಳಿಲ್ಲ. ಪತ್ರದಲ್ಲಿ ಯಾರ ಹೆಸರೋ ಆಸ್ತಿ ಅವರದ್ದು, ಅಷ್ಟೇ.

"ಜೀವನಾಂಶ ಸಿಗುತ್ತಲ್ಲ" ಅಂತೀರಾ? ಜೀವನಾಂಶ ಬೇರೆ, ಪಾಲು ಬೇರೆ ಸ್ವಾಮಿ. ಒಂದು ಕಷ್ಟ ನೋಡಿ ಕೊಡೋದು, ಇನ್ನೊಂದು ಹಕ್ಕು ಅಂತ ಕೊಡೋದು. ನನ್ನ ಗೆಳತಿ ದುಡೀತಾಳೆ, ಹಾಗಾಗಿ "ನಿನಗ್ಯಾಕಮ್ಮಾ ಜೀವನಾಂಶ" ಅನ್ನೋ ವಾದ ಆಗಲೇ ಶುರುವಾಗಿದೆ. ಹೆಸರಿಲ್ಲ ಅಂತ ಪಾಲೂ ಇಲ್ಲ. ದುಡಿದದ್ದೇ ತಪ್ಪಾಯ್ತು!

ಇನ್ನೊಂದು ತಮಾಷೆ ನೋಡಿ. ಇದೇ ಗಂಡ ವಿಲ್ ಬರೆಯದೆ ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ ಮೊದಲನೇ ದರ್ಜೆಯ ವಾರಸುದಾರಳು. ಗಂಡ ಸತ್ತರೆ ಪಾಲು, ಬಿಟ್ಟರೆ ಸೊನ್ನೆ. ಇದು ಯಾವ ಲೆಕ್ಕ?

ಬೇರೆ ಥರ ಮಾಡೋಕಾಗಲ್ವಾ ಅಂದ್ರೆ, ನಮ್ಮ ಕಾರವಾರದ ಪಕ್ಕದಲ್ಲೇ ಉದಾಹರಣೆ ಇದೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ 1867ರ ಸಿವಿಲ್ ಕೋಡ್ ಇವತ್ತಿಗೂ ನಡೀತಿದೆ. ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಸಾಮಾನ್ಯವಾಗಿ ಗಂಡ ಹೆಂಡತಿಯ ಆಸ್ತಿ ಇಬ್ಬರದ್ದೂ; ಬೇರೆಯಾದರೆ ಅರ್ಧ ಅರ್ಧ. ಅದಕ್ಕಾಗಿ ಗೋವಾದವರೇನು ಮದುವೆ ಆಗೋದು ಬಿಟ್ಟಿಲ್ಲ.

ದೆಹಲಿಯಲ್ಲೂ ಒಮ್ಮೆ ಪ್ರಯತ್ನ ಆಗಿತ್ತು. ವಿಚ್ಛೇದನದಲ್ಲಿ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿ ಮಕ್ಕಳಿಗೆ ಪಾಲು ಕೊಡಿಸುವ ಅಧಿಕಾರವನ್ನ ಕೋರ್ಟಿಗೆ ಕೊಡುವ ಮಸೂದೆ 2013ರ ಆಗಸ್ಟಿನಲ್ಲಿ ರಾಜ್ಯಸಭೆಯಲ್ಲಿ ಪಾಸಾಯ್ತು. ಲೋಕಸಭೆಯಲ್ಲಿ ಪಾಸಾಗಲಿಲ್ಲ. 2014ರಲ್ಲಿ ಆ ಲೋಕಸಭೆ ವಿಸರ್ಜನೆ ಆದಾಗ ಮಸೂದೆಯೂ ಸತ್ತುಹೋಯ್ತು. ಅಳೋರೂ ಇರಲಿಲ್ಲ.

2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಒಳ್ಳೆ ಮಾತು ಹೇಳಿತು. ಗಂಡ ವಿದೇಶದಲ್ಲಿ ದುಡಿದ, ಹೆಂಡತಿ ಊರಲ್ಲಿ ಮನೆ ಮಕ್ಕಳನ್ನ ನೋಡಿಕೊಂಡಳು. ಆ ದುಡಿಮೆಯೂ ಆಸ್ತಿ ಮಾಡೋದಕ್ಕೆ ಸೇರಿದೆ, ಅವಳಿಗೂ ಸಮಪಾಲು ಅಂತ. ಅದು ವಿಚ್ಛೇದನದ ಕೇಸಲ್ಲ, ಕಾಯ್ದೆಯೂ ಅಲ್ಲ. ಒಂದು ತೀರ್ಪು ನಂಬಿಕೊಂಡು ಎಲ್ಲ ಹೆಂಗಸರೂ ನೆಮ್ಮದಿಯಾಗಿ ಮಲಗೋಕಾಗುತ್ತಾ?

ಈಗ ಕಾಮೆಂಟಿನಲ್ಲಿ ಬರೋ ಪ್ರಶ್ನೆಗಳಿಗೆ ಮುಂಚೆಯೇ ಉತ್ತರ ಕೊಟ್ಟುಬಿಡ್ತೀನಿ. "ನಮ್ಮ ತಾತನ ತೋಟ ಯಾರಿಗೋ ಹೋಗಬೇಕಾ?" ಬೇಡ ಸ್ವಾಮಿ. ಪಿತ್ರಾರ್ಜಿತ ಬಿಟ್ಟುಬಿಡಿ, ಮದುವೆಯಾದ ಮೇಲೆ ಸಂಪಾದಿಸಿದ್ದನ್ನ ಮಾತ್ರ ಲೆಕ್ಕಕ್ಕೆ ಹಿಡೀರಿ. "ಆರು ತಿಂಗಳು ಇದ್ದು ಅರ್ಧ ಕೇಳಿದರೆ?" ಆರು ತಿಂಗಳಲ್ಲಿ ಇಬ್ಬರೂ ಸೇರಿ ಎಷ್ಟು ಮಾಡಿದ್ದೀರೋ ಅದರಲ್ಲಿ ಅರ್ಧ ತಾನೆ? "ಹೆಂಡತಿಯೇ ಜಾಸ್ತಿ ದುಡಿಯೋಳಾದರೆ?" ಆಗ ಮನೆ ನೋಡಿಕೊಂಡ ಗಂಡನಿಗೂ ಪಾಲು ಸಿಗಲಿ. ನನ್ನ ಜಗಳ ಗಂಡಸರ ಜೊತೆ ಅಲ್ಲ, ಕಾಗದ ಒಂದನ್ನೇ ನೋಡೋ ಕಾನೂನಿನ ಜೊತೆ.

ಸುಳ್ಳು ಲೆಕ್ಕ ಕೊಡೋರು ಎರಡೂ ಕಡೆ ಇದ್ದಾರೆ, ನಿಜ. ಅದಕ್ಕೇ 2020ರ ನವೆಂಬರಿನಲ್ಲಿ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಅಂತ ಕಡ್ಡಾಯ ಮಾಡಿದ್ದು. ಆಸ್ತಿ ಎಷ್ಟು ಅಂತ ಗೊತ್ತಾಗೋ ದಾರಿ ಇದೆ ಅಂತಾಯ್ತು. ಅದರಲ್ಲಿ ಇಬ್ಬರ ದುಡಿಮೆಯೂ ಇದೆ ಅಂತ ಒಪ್ಪಿಕೊಳ್ಳೋ ಕಾಯ್ದೆ ಮಾತ್ರ ಬರಬೇಕು.

ಕಾಯ್ದೆ ಯಾವಾಗ ಬರುತ್ತೋ ಬರಲಿ. ಈ ಬ್ಲಾಗ್ ಓದೋ ಹೊಸ ಜೋಡಿಗಳೇ, ಒಂದು ಕೆಲಸ ಮಾಡಿ. ಮನೆ ಕೊಳ್ಳೋ ದಿನ ಇಬ್ಬರ ಹೆಸರೂ ಬರೆಸಿ. ಲೋನಿನ ಕಂತು ಇಬ್ಬರ ಖಾತೆಯಿಂದಲೂ ಹೋಗಲಿ, ಅಕ್ಕಿ ಬೇಳೆಯೂ ಇಬ್ಬರ ದುಡ್ಡಲ್ಲೂ ಬರಲಿ. ಇದು ಅನುಮಾನ ಅಲ್ಲ, ಪ್ರೀತಿ ಇರುವಾಗಲೇ ಮಾಡಿಡಬೇಕಾದ ನ್ಯಾಯ. ಪ್ರೀತಿ ಹೋದಮೇಲೆ ಯಾರೂ ಮಾಡಲ್ಲ.

ಹಳೇ ಜೋಡಿಗಳೇ, ಇವತ್ತು ರಾತ್ರಿ ಬೀರು ತೆಗೆದು ಕ್ರಯಪತ್ರ ಒಮ್ಮೆ ನೋಡಿ. ಯಾರ ಹೆಸರಿದೆ?