ಮೌನಕ್ಕೆ ಸೊನ್ನೆ ಎಂದು ಬರೆಯಬಾರದು

ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಹೋಗಿಬಂದ ವಾಚಕರು ನಡುದಾರಿಯ ಅಣ್ಣಿಗೇರಿ ಸ್ಟೇಷನ್ನನ್ನು ನೋಡಿಯೇ ಇರುತ್ತಾರೆ. ಪಂಪನ ಹೆಸರಿನೊಡನೆ ಸೇರಿಕೊಂಡಿರುವ ಊರು. ಸುತ್ತಲೂ ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆಯುವ ಎರೆಯ ಹೊಲಗಳು. ಇಂತಹ ಸ್ಟೇಷನ್ನುಗಳಲ್ಲಿ ಮಾಸ್ತರರ ಮೇಜಿನ ಮೇಲೆ ಬಹುಕಾಲದಿಂದ ಒಂದು ವಿಶೇಷ ಟೆಲಿಫೋನು ಇರುತ್ತ ಬಂದಿದೆ. ಅದು ಊರವರೊಡನೆ ಮಾತನಾಡುವುದಕ್ಕಲ್ಲ. ಅದಕ್ಕೆ ಕಂಟ್ರೋಲ್ ಟೆಲಿಫೋನೆಂದು ಹೆಸರು. ಹಾದಿಯುದ್ದಕ್ಕೂ ಇರುವ ಸ್ಟೇಷನ್ನುಗಳೆಲ್ಲ ಒಂದೇ ಲೈನಿಗೆ ಸೇರಿರುತ್ತವೆ. ದೂರದ ಕಚೇರಿಯಲ್ಲಿ ಕುಳಿತ ಕಂಟ್ರೋಲರನು ತನಗೆ ಬೇಕಾದ ಒಂದು ಸ್ಟೇಷನ್ನಿನ ಗಂಟೆಯನ್ನು ಮಾತ್ರ ಬಾರಿಸಿ, "ಗಾಡಿ ಹೊರಟಿತೇ?" ಎಂದು ಕೇಳುತ್ತಾನೆ, ಮಾಸ್ತರರು ಉತ್ತರ ಕೊಡುತ್ತಾರೆ. ಎಲ್ಲರೂ ಒಮ್ಮೆಲೇ ಮಾತನಾಡತೊಡಗಿದರೆ ಯಾರ ಮಾತೂ ಯಾರಿಗೂ ತಿಳಿಯದು.

ಇಂದಿನ ಕಾರ್ಖಾನೆಗಳಲ್ಲಿ ಮನುಷ್ಯರ ಬದಲು ಯಂತ್ರಗಳೇ ಹೀಗೆ ಪ್ರಶ್ನೋತ್ತರ ನಡೆಸುತ್ತವೆ ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಪಂಪು, ಕವಾಟ, ಉಷ್ಣಮಾಪಕ, ನೀರಿನ ಮಟ್ಟ ಅಳೆಯುವ ಉಪಕರಣ ಇವೆಲ್ಲ ಒಂದೇ ಜೊತೆ ತಂತಿಗೆ ಅಂಟಿಕೊಂಡಿರುತ್ತವೆ. ಅವುಗಳ ಮೇಲೊಂದು ಯಜಮಾನ ಯಂತ್ರ. ಅದು ಕೇಳಿದಾಗ ಮಾತ್ರ ಉಳಿದ ಉಪಯಂತ್ರಗಳು ಬಾಯಿ ತೆರೆಯಬೇಕು. ಈ ಸಂಭಾಷಣೆಗೆ ಹಲವು ಭಾಷೆಗಳುಂಟು. ಅವುಗಳಲ್ಲಿ ಬಹಳ ಬಳಕೆಯಲ್ಲಿರುವ ಮಾಡ್‌ಬಸ್ ಎಂಬುದನ್ನು 1979ರಲ್ಲಿ ಅಮೆರಿಕದ ಮಾಡಿಕಾನ್ ಕಂಪನಿಯು ಪ್ರಕಟಿಸಿತು. ಆಗ ಇಟ್ಟ ಹೆಸರುಗಳು ಯಜಮಾನ ಮತ್ತು ದಾಸ ಎಂಬವು. ಆ ಮಾತು ಉಚಿತವಲ್ಲವೆಂದು 2020ರಲ್ಲಿ ಅದರ ಸಂಸ್ಥೆಯು ಕ್ಲೈಂಟ್, ಸರ್ವರ್ ಎಂಬ ಹೆಸರುಗಳನ್ನು ತಂದಿತು. ಹೆಸರು ಬದಲಾಯಿತು, ಹೊಣೆ ಬದಲಾಗಲಿಲ್ಲ.

ಯಜಮಾನ ಯಂತ್ರವನ್ನು ಕೆಲಸಕ್ಕೆ ಸಿದ್ಧಗೊಳಿಸುವುದು ಹೇಗೆ? ಮೊದಲನೆಯದು ವಿಳಾಸ. ಮಾಡ್‌ಬಸ್ಸಿನಲ್ಲಿ ಪ್ರತಿ ಉಪಯಂತ್ರಕ್ಕೂ 1ರಿಂದ 247ರೊಳಗೆ ಒಂದು ಸಂಖ್ಯೆಯನ್ನು ಕೊಡಬೇಕು. ಸೊನ್ನೆಯು ಎಲ್ಲರಿಗೂ ಒಮ್ಮೆಲೇ ಸಾರುವ ಡಂಗುರಕ್ಕೆ ಮೀಸಲು. ಅದಕ್ಕೆ ಯಾರೂ ಉತ್ತರಿಸತಕ್ಕದ್ದಲ್ಲ. ಇಬ್ಬರಿಗೆ ಒಂದೇ ಸಂಖ್ಯೆ ಬಿದ್ದರೆ ಇಬ್ಬರೂ ಒಟ್ಟಿಗೆ ಕೂಗಿ ಮಾತು ಕಲಸುಮೇಲೋಗರವಾಗುತ್ತದೆ. ಎರಡನೆಯದು ವೇಗ. ಸೆಕೆಂಡಿಗೆ 9600 ಬಿಟ್ಟುಗಳೆಂದು ಯಜಮಾನನಿಗೆ ಹೇಳಿದ್ದರೆ ಎಲ್ಲರಿಗೂ ಅದೇ ವೇಗವನ್ನು ಗೊತ್ತುಮಾಡಬೇಕು. ಮೂರನೆಯದು ತಾಳ್ಮೆ. ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು, ಬಾರದಿದ್ದರೆ ಎಷ್ಟು ಸಲ ಕೇಳಬೇಕು?

ಈ ಮೂರನೆಯದರಲ್ಲಿಯೇ ಅನೇಕರು ಎಡವುವುದು. ಒಂದು ಲೆಕ್ಕ ಹಾಕಿ ನೋಡೋಣ. ಮೂವತ್ತು ಉಪಯಂತ್ರಗಳಿವೆ, ಒಂದೊಂದರ ಪ್ರಶ್ನೋತ್ತರಕ್ಕೆ ಸೆಕೆಂಡಿನ ಹತ್ತನೆಯ ಒಂದು ಪಾಲು ಹಿಡಿಯುತ್ತದೆ ಎನ್ನಿ. ಒಂದು ಸುತ್ತು ಮುಗಿಯಲು 3 ಸೆಕೆಂಡು ಸಾಕು. ಉತ್ತರಕ್ಕೆ ಒಂದು ಸೆಕೆಂಡು ಕಾದು, ಮೂರು ಸಲ ಕೇಳಬೇಕೆಂದು ನಿಯಮ ಮಾಡಿದ್ದರೆ, ಒಂದೇ ಒಂದು ಉಪಯಂತ್ರ ಮೂಕವಾದರೂ ಸುತ್ತಿಗೆ ಸುಮಾರು 6 ಸೆಕೆಂಡು ಬೇಕು. ಐದು ಮೂಕವಾದರೆ ಹದಿನೇಳೂವರೆ ಸೆಕೆಂಡು! ಕೆಟ್ಟವರು ಐವರು, ಸುದ್ದಿ ತಡವಾಗುವುದು ಮೂವತ್ತು ಮಂದಿಯದೂ. ಹಾಗೆಂದು ತಾಳ್ಮೆಯನ್ನು ತೀರ ಕಡಿಮೆ ಮಾಡಿದರೆ, ನಿಧಾನವಾಗಿ ಉತ್ತರಿಸುವ ಪ್ರಾಮಾಣಿಕನೂ ಸತ್ತವರ ಪಟ್ಟಿಗೆ ಸೇರುತ್ತಾನೆ.

ಸಿದ್ಧತೆ ಒಂದು ದಿನದ ಕೆಲಸ. ನಿಗಾ ದಿನದಿನದ ಕೆಲಸ. ಉಪಯಂತ್ರವೊಂದು ಉತ್ತರಿಸದೆ ಹೋದಾಗ ಯಜಮಾನನು ತನ್ನ ಪುಸ್ತಕದಲ್ಲಿ ಏನು ಬರೆದುಕೊಳ್ಳಬೇಕು? ಸೊನ್ನೆ ಎಂದು ಬರೆದರೆ ನೀರೇ ಇಲ್ಲವೆಂದು ಅರ್ಥವಾದೀತು. ಹಿಂದಿನ ಅಂಕಿಯನ್ನೇ ಉಳಿಸಿಕೊಂಡರೆ ಎಲ್ಲವೂ ಸುಖವಾಗಿದೆಯೆಂದು ತೋರೀತು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರ. ಪರದೆಯ ಮೇಲಿನ ಅಂಕಿ ಅಲುಗಾಡದೆ ನಿಂತಿರುವುದನ್ನು ಕಂಡು ಕಾವಲುಗಾರನು ನೆಮ್ಮದಿಯಿಂದಿರುತ್ತಾನೆ. ಅದು ನಿನ್ನೆಯ ಅಂಕಿಯೆಂಬುದು ಅವನಿಗೆ ತಿಳಿಯದು. ಆದುದರಿಂದ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಬಂದ ಹೊತ್ತನ್ನೂ, ಪ್ರತಿಯೊಬ್ಬರು ಎಷ್ಟು ಸಲ ಉತ್ತರ ತಪ್ಪಿಸಿದರೆಂಬ ಲೆಕ್ಕವನ್ನೂ ಇಡಬೇಕು.

ಯಜಮಾನನೇ ಮೂಕನಾದರೆ? ಜರ್ಮನಿಯಲ್ಲಿ ಹುಟ್ಟಿದ ಪ್ರೊಫಿಬಸ್ ಎಂಬ ಜಾಲದಲ್ಲಿ ಉಪಯಂತ್ರಗಳೊಳಗೆ ಕಾವಲು ಗಡಿಯಾರವೊಂದುಂಟು. ಗೊತ್ತಾದ ಅವಧಿಯಲ್ಲಿ ಯಜಮಾನನ ದನಿ ಕೇಳಿಸದಿದ್ದರೆ ಉಪಯಂತ್ರವು ಮೊದಲೇ ಹೇಳಿಕೊಟ್ಟ ಸುರಕ್ಷಿತ ಸ್ಥಿತಿಗೆ ತಾನೇ ಹೋಗುತ್ತದೆ.

ಇದೆಲ್ಲ ಕಾರ್ಖಾನೆಯವರ ಚಿಂತೆ, ನಮಗೇನು ಎನ್ನಬೇಡಿ. ನಮ್ಮ ನಾಡಿನ ಕಾಲುವೆಗಳಿಗೂ ಈ ವಿದ್ಯೆ ಬಂದಿದೆ. ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ಕಾಲುವೆಯನ್ನು ನವೀಕರಿಸಿ, ತೂಬುಗಳನ್ನು ದೂರದಿಂದಲೇ ನಡೆಸುವ ಸ್ಕಾಡಾ ವ್ಯವಸ್ಥೆಯನ್ನು ಅಳವಡಿಸಿ, 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಿಯವರು ಅದನ್ನು ಲೋಕಾರ್ಪಣೆ ಮಾಡಿದರು. ಆ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್ಸ್. ಅದರ ನೀರಿನ ಹರವು ನಾಲ್ಕೂವರೆ ಲಕ್ಷ ಹೆಕ್ಟೇರು. ಅಲ್ಲಿ ಮೂಕವಾದ ತೂಬು ಎಂದರೆ ಯಾರದೋ ಹೊಲ. ಇನ್ನು ಸುರಕ್ಷಿತ ಸ್ಥಿತಿ ಎಂದರೆ ತೂಬು ಮುಚ್ಚುವುದೋ, ತೆರೆಯುವುದೋ, ಇದ್ದಂತೆಯೇ ನಿಲ್ಲುವುದೋ? ಮುಚ್ಚಿದರೆ ಮೇಲೆ ಕಾಲುವೆ ಉಕ್ಕೀತು. ತೆರೆದರೆ ಕೆಳಗೆ ಬೆಳೆ ಮುಳುಗೀತು. ಇದನ್ನು ಯಂತ್ರವು ನಿರ್ಧರಿಸಲಾರದು; ಮನುಷ್ಯನು ಮುಂಚಿತವಾಗಿ ಯೋಚಿಸಿ ಬರೆದಿಡಬೇಕು.

ಕೊನೆಯ ಹೊಲದವನ ಮಾತು ಮೇಲಿನವರಿಗೆ ಕೇಳಿಸದಿದ್ದರೆ ಏನಾಗುವುದೆಂದು ಅಣ್ಣಿಗೇರಿಯ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಣ್ಣಿಗೇರಿ ಆಗ ಸೇರಿದ್ದ ನವಲಗುಂದ ತಾಲೂಕಿನಲ್ಲಿಯೂ ನೆರೆಯ ನರಗುಂದದಲ್ಲಿಯೂ, ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಕರ ಬಿತ್ತೆಂದು ರೈತರು ಸಿಡಿದೆದ್ದರು. 1980ರ ಜುಲೈ 21ರಂದು ಗೋಲಿಬಾರು ನಡೆದು ಪ್ರಾಣಹಾನಿಯೂ ಆಯಿತು. ನೀರು ಹರಿದಿದೆಯೆಂದು ದಫ್ತರ ಹೇಳುತ್ತಿತ್ತು. ಹೊಲ ಬೇರೆಯೇ ಹೇಳುತ್ತಿತ್ತು. ಆ ದಿನಗಳಲ್ಲಿ ದಫ್ತರವಿದ್ದುದು ಕಾಗದದ ಮೇಲೆ. ಇನ್ನು ಮುಂದೆ ಅದು ಪರದೆಯ ಮೇಲಿರುತ್ತದೆ, ಅಷ್ಟೇ ಭೇದ.

ಒಳ್ಳೆಯ ಯಜಮಾನನ ಲಕ್ಷಣ ಹೆಚ್ಚು ಆಜ್ಞೆ ಮಾಡುವುದಲ್ಲ. ಯಾರು ಸುಮ್ಮನಾದರೆಂದು ಗಮನಿಸುವುದು. ಉತ್ತರ ಬಾರದಿದ್ದಲ್ಲಿ ಸೊನ್ನೆಯನ್ನೂ ಬರೆಯದೆ, ಹಳೆಯ ಅಂಕಿಯನ್ನೂ ಉಳಿಸದೆ, "ಉತ್ತರವಿಲ್ಲ" ಎಂದು ಕೆಂಪಕ್ಷರದಲ್ಲಿ ತೋರಿಸಬೇಕು. ಆಮೇಲೆ ಒಬ್ಬ ಮನುಷ್ಯನನ್ನು ಸೈಕಲ್ಲಿನ ಮೇಲಾದರೂ ಸರಿ, ಆ ಕೊನೆಯ ತೂಬಿನವರೆಗೆ ಕಳುಹಿಸಿ ನೋಡಿ ಬರಹೇಳಬೇಕು.