ಘಾಟಿ ಏರುವ ಲಾರಿಯ ಸಿಳ್ಳು

ಶಿರಾಡಿ ಘಾಟಿಯಲ್ಲಿ ಭಾರ ಹೊತ್ತ ಹಳೆಯ ಲಾರಿ ಸಿಳ್ಳು ಹಾಕುತ್ತ, ಕಪ್ಪು ಹೊಗೆ ಕಾರುತ್ತ ಏರಿದರೆ ‘ಟರ್ಬೊ ಹೋಯಿತು’ ಎಂಬುದೇ ಸಾಮಾನ್ಯ ತೀರ್ಮಾನ. ಅನೇಕ ವೇಳೆ ದೋಷವಿರುವುದು ಸಡಿಲಗೊಂಡ ಕೆಲವೇ ಬೋಲ್ಟುಗಳಲ್ಲಿ.

ಟರ್ಬೊ ತಿರುಗುವುದು ಇಂಜಿನ್ ಹೊರಬಿಡುವ ಬಿಸಿ ಅನಿಲದಿಂದ. ಆ ಅನಿಲವನ್ನು ಟರ್ಬೊಗೆ ಮುಟ್ಟಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಏರಿನಲ್ಲಿ ಕಾದು ಹಿಗ್ಗುತ್ತದೆ, ಇಳಿಜಾರಿನಲ್ಲಿ ತಣಿದು ಕುಗ್ಗುತ್ತದೆ. ಈ ಎಳೆದಾಟಕ್ಕೆ ಅದರ ಬೋಲ್ಟುಗಳು ಸಡಿಲವಾಗುತ್ತವೆ, ಕೆಲವೊಮ್ಮೆ ತುಂಡಾಗುತ್ತವೆ. ಅನಿಲ ಸೋರಿದರೆ ಟರ್ಬೊ ಸಾಕಷ್ಟು ಗಾಳಿ ಒತ್ತಲಾರದು. ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಮಸಿಯಾಗುತ್ತದೆ.

ಗುರುತಿಸುವ ಕ್ರಮ ಸರಳ. ತಣ್ಣಗಿನ ಇಂಜಿನ್ ಚಾಲೂ ಮಾಡಿದೊಡನೆ ಕೇಳುವ ‘ಟಿಕ್ ಟಿಕ್’ ಸದ್ದು ಬಿಸಿಯೇರಿದಂತೆ ಕುಂದಿದರೆ, ಜೊತೆಗೆ ಜೋಡಣೆಯ ಬಳಿ ಮಸಿಯ ಗೆರೆ ಕಂಡರೆ ಅದು ಸೋರಿಕೆ. ಟರ್ಬೊದ ಬೇರಿಂಗ್ ಸವೆದಿದ್ದರೆ ಅದರ ದಂಡ ಅಲುಗಾಡುತ್ತದೆ, ಎಣ್ಣೆ ಸುಟ್ಟ ನೀಲಿ ಹೊಗೆ ಬರುತ್ತದೆ. ಬೋಲ್ಟುಗಳನ್ನು ಇಂಜಿನ್ ಆರಿದ ಮೇಲೆ, ತಯಾರಕರು ಹೇಳಿದ ಬಿಗಿತಕ್ಕೆ ಬಿಗಿಸಬೇಕು. ಗ್ಯಾಸ್ಕೆಟ್ ಸುಟ್ಟಿದ್ದರೆ ಬದಲಿಸಬೇಕು.

ಹೊಗೆ ತಪಾಸಣೆಯ ಪ್ರಮಾಣಪತ್ರವೊಂದೇ ಸಾಲದು. ಆ ಪರೀಕ್ಷೆ ನಡೆಯುವುದು ನಿಂತ ಲಾರಿಯಲ್ಲಿ. ಟರ್ಬೊ ದುಡಿಯುವುದು ಏರಿನಲ್ಲಿ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಅದನ್ನು ಉಸಿರಾಡುವವರು ಲಾರಿ ಚಾಲಕರು ಹಾಗೂ ರಸ್ತೆಬದಿಯ ನಾವು. ಆದುದರಿಂದ ತಪಾಸಣೆಯಲ್ಲಿ ಮ್ಯಾನಿಫೋಲ್ಡ್ ಸೋರಿಕೆಯ ಪರೀಕ್ಷೆಯೂ ಸೇರಲೆಂದು ಗ್ರಾಮಸಭೆಗಳು ಒತ್ತಾಯಿಸಲಿ. ಕಾಫಿ, ಅಡಿಕೆ ಸಾಗಿಸಲು ಲಾರಿ ಗೊತ್ತುಮಾಡುವ ನಾವೂ ಬಾಡಿಗೆಯ ಮಾತಿನ ಜೊತೆಗೆ ಈ ಬೋಲ್ಟುಗಳ ಮಾತನ್ನೂ ಎತ್ತೋಣ.